ಸಾಗವಾನಿ ಡಬ್ಬಿ, ನೂರು ವಾಟ್ ಮತ್ತು ಇತರ ನಂಬಿಕೆಗಳು

ಅಲಖನೂರಿನ ಸುತ್ತ ಕಬ್ಬು ಹೇರಿಕೊಂಡು ಹೊರಟ ಟ್ರ್ಯಾಕ್ಟರ್ ಕಣ್ಣಿಗೆ ಬೀಳುವ ಮೊದಲೇ ಅದರ ಹಾಡು ಕಿವಿಗೆ ಬೀಳುತ್ತದೆ. ಈ ಸೀಮೆಯಲ್ಲಿ ಸ್ಪೀಕರ್ ಅಂದರೆ ಎದೆ ನಡುಗಬೇಕು. ಬಯಲಿಗೆ ಅದು ಸರಿಯೇ. ಆದರೆ ಹನ್ನೆರಡು ಅಡಿ ಖೋಲಿಯಲ್ಲಿ ಕೂತು ಮಲ್ಲಿಕಾರ್ಜುನ ಮನ್ಸೂರರನ್ನು ಕೇಳಲೆಂದು ಸಣ್ಣ ಡಬ್ಬಿ ಕಟ್ಟಲು ಹೊರಟವರೂ ಬಯಲಿನ ಲೆಕ್ಕವನ್ನೇ ಮನೆಯೊಳಗೆ ತರುತ್ತಾರೆ.

ತಪ್ಪು ಕಲ್ಪನೆ: ಡಬ್ಬಿ ದೊಡ್ಡದಾದಷ್ಟೂ ದನಿ ಶುದ್ಧ.

ವಾಸ್ತವ: ದೊಡ್ಡ ಸ್ಪೀಕರ್ ಹಿಡಿಸದ ಪ್ರಸಾರ ವ್ಯಾನುಗಳಿಗಾಗಿ 1970ರ ದಶಕದಲ್ಲಿ ಬಿಬಿಸಿ ಎಂಜಿನಿಯರುಗಳು ಎಲ್‌ಎಸ್3/5ಎ ಎಂಬ ಡಬ್ಬಿ ರೂಪಿಸಿದರು. ಎತ್ತರ ಸುಮಾರು 30 ಸೆಂ.ಮೀ., ಅಗಲ 19 ಸೆಂ.ಮೀ. ಮನುಷ್ಯರ ದನಿಯನ್ನು ಅದು ನುಡಿಸುವ ಬಗೆಗೆ ಇಂದಿಗೂ ಹೆಸರಿದೆ. ಸಣ್ಣ ಡಬ್ಬಿಯಲ್ಲಿ ಕಳೆದುಕೊಳ್ಳುವುದು ತೀರ ಕೆಳಗಿನ ಬೇಸ್ ಮತ್ತು ಅಬ್ಬರ, ಅಷ್ಟೇ. ಹಾರ್ಮೋನಿಯಂನ ಕರಿ ಒಂದಕ್ಕೆ ಶ್ರುತಿ ಮಾಡಿದ ತಂಬೂರಿಯ ಖರ್ಜದ ತಂತಿ ಸುಮಾರು 69 ಹರ್ಟ್ಸ್. ಡಬ್ಬಿ 80 ಹರ್ಟ್ಸ್‌ಗೇ ಸೋಲತೊಡಗಿದರೂ ಆ ತಂತಿ ಕಾಣೆಯಾಗುವುದಿಲ್ಲ. ಅದರ 138, 207 ಹರ್ಟ್ಸ್‌ನ ಮೇಲ್ಸ್ವರಗಳು ಸರಿಯಾಗಿ ಬಂದರೆ ಕೆಳಗಿನದನ್ನು ಮಿದುಳೇ ತುಂಬಿಕೊಳ್ಳುತ್ತದೆ. ಡೊಳ್ಳಿಗೆ ಮಾತ್ರ ಈ ಉಪಾಯ ಸಾಲದು.

ತಪ್ಪು ಕಲ್ಪನೆ: ಸಾಗವಾನಿಯಲ್ಲಿ ಮಾಡಿಸಿದರೆ ದನಿಗೆ ಕಳೆ ಬರುತ್ತದೆ.

ವಾಸ್ತವ: ಈ ನಂಬಿಕೆ ಇಲ್ಲಿ ಬೇರೂರಿದ್ದರೆ ಆಶ್ಚರ್ಯವಿಲ್ಲ. ಪಕ್ಕದ ಮಿರಜ ತಂಬೂರಿ, ಸಿತಾರಗಳ ಊರು. ಒಳ್ಳೆಯ ಕಟ್ಟಿಗೆ, ಒಳ್ಳೆಯ ಬುರುಡೆ ಇದ್ದರೆ ವಾದ್ಯ ಹಾಡುತ್ತದೆಂದು ಎಲ್ಲರೂ ಬಲ್ಲರು. ವಾದ್ಯದ ಮೈ ತಂತಿಯ ಜತೆ ನುಡಿಯಲೇಬೇಕು. ಸ್ಪೀಕರಿನ ಡಬ್ಬಿಗೆ ಆ ಹಕ್ಕಿಲ್ಲ. ಮಿರಜದ ಕುಶಲಿಗರು ತಂಬೂರಿಯಲ್ಲಿ ಕೂಡಿಸಿದ ನಾದ ಧ್ವನಿಮುದ್ರಿಕೆಯಲ್ಲಿ ಆಗಲೇ ಇದೆ. ಡಬ್ಬಿ ತನ್ನದನ್ನೂ ಸೇರಿಸಿದರೆ ಎರಡು ತಂಬೂರಿ ಬೆಸುರಾಗಿ ನುಡಿದಂತೆ. ಬಿಬಿಸಿಯವರು 12 ಮಿ.ಮೀ. ಬರ್ಚ್ ಪ್ಲೈವುಡ್ ಬಳಸಿ, ಒಳಗೋಡೆಗೆ ಡಾಂಬರಿನ ಹಾಳೆ ಅಂಟಿಸಿ ಹಲಗೆಯ ಬಾಯಿ ಕಟ್ಟಿದ್ದು ಇದಕ್ಕೇ. ಮೇಲಾಗಿ ಇಡೀ ಮರದ ಹಲಗೆ ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗುತ್ತದೆ. ಕೀಲು ಬಿಟ್ಟರೆ ಗಾಳಿ ಸೋರುತ್ತದೆ. 18 ಮಿ.ಮೀ. ಎಂಡಿಎಫ್, ಒಳಗೊಂದು ಅಡ್ಡಪಟ್ಟಿ ಸಾಕು. ಸಾಗವಾನಿಯ ಆಸೆ ತೀರದಿದ್ದರೆ ಹೊರಗೆ ತೆಳು ವಿನಿಯರ್ ಅಂಟಿಸಿ.

ತಪ್ಪು ಕಲ್ಪನೆ: ತುಟ್ಟಿ ಸ್ಪೀಕರ್ ಯೂನಿಟ್ ಯಾವ ಡಬ್ಬಿಯಲ್ಲಾದರೂ ಚೆನ್ನಾಗಿ ನುಡಿಯುತ್ತದೆ.

ವಾಸ್ತವ: ಮುಚ್ಚಿದ ಡಬ್ಬಿಯೊಳಗಿನ ಗಾಳಿ ಸ್ಪ್ರಿಂಗಿನ ಕೆಲಸ ಮಾಡುತ್ತದೆ. 1954ರಲ್ಲಿ ಅಮೆರಿಕದ ಎಡ್ಗರ್ ವಿಲ್ಚರ್ ಇದನ್ನೇ ನೆಚ್ಚಿ ಸ್ಪೀಕರ್ ಕಟ್ಟಿದ; ಆಮೇಲೆ ಆಸ್ಟ್ರೇಲಿಯಾದಲ್ಲಿ ನೆವಿಲ್ ಥೀಲ್, ರಿಚರ್ಡ್ ಸ್ಮಾಲ್ ಇದನ್ನು ಸೂತ್ರಕ್ಕಿಳಿಸಿದರು. ಒಂದು ಲೆಕ್ಕ ಹಾಕೋಣ. ಯೂನಿಟ್ಟಿನ ಸಹಜ ಕಂಪನ 40 ಹರ್ಟ್ಸ್, ವಿಎಎಸ್ (ಯೂನಿಟ್ಟಿನ ಬಿಗಿತಕ್ಕೆ ಸಮನಾದ ಗಾಳಿಯ ಗಾತ್ರ) 15 ಲೀಟರ್, ಡಬ್ಬಿ 5 ಲೀಟರ್. ಆಗ ಕಂಪನ ಇಮ್ಮಡಿಸಿ 80 ಹರ್ಟ್ಸ್ ಆಗುತ್ತದೆ, ಕ್ಯೂ (ಆ ಕಂಪನ ಎಷ್ಟು ಬೇಗ ಅಡಗುತ್ತದೆಂಬ ಅಳತೆ; ಹೆಚ್ಚಾದಷ್ಟೂ ನಿಧಾನ) ಕೂಡ ಇಮ್ಮಡಿ. ಮೊದಲ ಕ್ಯೂ 0.35 ಇದ್ದರೆ 0.7ಕ್ಕೆ ಬಂದು ಬೇಸ್ ಬಿಗಿಯಾಗಿರುತ್ತದೆ. 0.6 ಇದ್ದರೆ 1.2 ಆಗಿ ಗುಮ್ಮೆನ್ನುತ್ತದೆ. ಬೆಲೆಯ ಚೀಟಿಗಿಂತ ಮೊದಲು ಈ ಅಂಕಿಗಳನ್ನು ಕೇಳಿ.

ತಪ್ಪು ಕಲ್ಪನೆ: ಟ್ವೀಟರಿಗೊಂದು ಕಪಾಸಿಟರ್ ಹಾಕಿದರೆ ಕ್ರಾಸ್‌ಓವರ್ ಮುಗಿಯಿತು.

ವಾಸ್ತವ: ಕ್ರಾಸ್‌ಓವರ್ ಅಂದರೆ ಮೇಲಿನ ಸ್ವರಗಳನ್ನು ಟ್ವೀಟರಿಗೂ ಕೆಳಗಿನವನ್ನು ದೊಡ್ಡ ಯೂನಿಟ್ಟಿಗೂ ಹಂಚುವ ಮಂಡಲ. 8 ಓಮ್ ಟ್ವೀಟರಿಗೆ 4.7 ಮೈಕ್ರೋಫ್ಯಾರಡ್ ಹಾಕಿದರೆ ಸುಮಾರು 4,200 ಹರ್ಟ್ಸ್‌ನಿಂದ ಕೆಳಗೆ ದನಿ ಇಳಿಯುತ್ತದೆ ನಿಜ, ಆದರೆ ತೀರ ನಿಧಾನ: ಆವರ್ತನ ಅರ್ಧವಾದಾಗಲೊಮ್ಮೆ 6 ಡೆಸಿಬೆಲ್ ಮಾತ್ರ. ಟ್ವೀಟರಿಗೆ ತನ್ನದಲ್ಲದ ಹೊರೆ ಬೀಳುತ್ತದೆ. ಇನ್ನೂ ದೊಡ್ಡ ತೊಡಕು ಡಬ್ಬಿಯ ಅಗಲದ್ದು. 19 ಸೆಂ.ಮೀ. ಅಗಲವಿದ್ದರೆ ಸುಮಾರು 600 ಹರ್ಟ್ಸ್‌ಗಿಂತ ಕೆಳಗಿನ ದನಿ ಡಬ್ಬಿಯನ್ನು ಸುತ್ತಿ ಹಿಂದಕ್ಕೂ ಹೋಗುತ್ತದೆ, ಮುಂದೆ ಕೂತವನಿಗೆ 6 ಡೆಸಿಬೆಲ್‌ವರೆಗೆ ಖೋತಾ. ಗಂಡಸಿನ ದನಿ ಬಡಕಲಾಗುವುದು ಇಲ್ಲಿಯೇ. ಕಳೆದದ್ದನ್ನು ಕ್ರಾಸ್‌ಓವರ್ ತಂದುಕೊಡಲಾರದು. ಮೇಲಿನ ಸ್ವರಗಳನ್ನು ತಗ್ಗಿಸಿ ಸಮ ಮಾಡುತ್ತದೆ. ಹಾಗಾಗಿ ಒಳ್ಳೆಯ ಸಣ್ಣ ಸ್ಪೀಕರ್ ಹೆಚ್ಚಾಗಿ ಮೆದು ದನಿಯದು.

ತಪ್ಪು ಕಲ್ಪನೆ: ಹಾಗಾದರೆ ನೂರು ವಾಟ್ ಬೇಕೇ ಬೇಕು.

ವಾಸ್ತವ: 50 ವಾಟಿನಿಂದ 100ಕ್ಕೆ ಹೋದರೆ ಏರುವುದು 3 ಡೆಸಿಬೆಲ್. ಕಿವಿಗೆ ಇಮ್ಮಡಿ ಅನಿಸಬೇಕಾದರೆ ಹತ್ತು ಪಟ್ಟು ವಾಟ್ ಬೇಕು. ಪೆಟ್ಟಿಗೆ ಮೇಲಿನ ಪಿಎಂಪಿಒ ಎಂಬ ಉಬ್ಬಿಸಿದ ವಾಟ್ ಅಂಕಿಯನ್ನು ನಾನು ಓದುವುದೂ ಇಲ್ಲ.

ತಪ್ಪು ಕಲ್ಪನೆ: ಎಲ್ಲಿಟ್ಟರೂ ಅಷ್ಟೇ.

ವಾಸ್ತವ: ಗೋಡೆಗೆ ಹತ್ತಿಸಿಟ್ಟರೆ ಹಿಂದಕ್ಕೆ ಹೋದ ಬೇಸ್ ಮರಳಿ ಬರುತ್ತದೆ, ಮೂಲೆಗಿಟ್ಟರೆ ಅತಿಯಾಗುತ್ತದೆ. ಆದ್ದರಿಂದ ಬೆಸುಗೆಗೆ ಕೂರುವ ಮುನ್ನವೇ ಜಾಗ ಗೊತ್ತಿರಬೇಕು: ಗೋಡೆಯ ಹಲಗೆಯ ಮೇಲೆ ಇಡುವುದಾದರೆ ಮೇಲಿನ ಸ್ವರಗಳನ್ನು 6 ಡೆಸಿಬೆಲ್ ತಗ್ಗಿಸಬೇಕಿಲ್ಲ, 2–3 ಸಾಕಾಗಬಹುದು. ಟ್ವೀಟರ್ ಕೂತವರ ಕಿವಿಯ ಮಟ್ಟಕ್ಕಿರಲಿ. ಹನ್ನೆರಡು ಅಡಿ ಖೋಲಿ ತಾನೇ 47 ಹರ್ಟ್ಸ್ ಸುಮಾರಿಗೆ ಗುಂಯ್‌ಗುಡುತ್ತದೆ. ಅದಕ್ಕೆ ಕೂರುವ ಜಾಗ ಬದಲಿಸಿ ನೋಡಬೇಕು. ಬರಿ ಕಲ್ಲುಗೋಡೆಯಿಂದ ಚುರುಕು ಸ್ವರಗಳು ಮರುದನಿಸುತ್ತಿದ್ದರೆ ಮಾತ್ರ ಬೆನ್ನ ಹಿಂದೆ ಒಂದು ದಪ್ಪ ಕೌದಿ ಇಳಿಬಿಡಬಹುದು. ಬೇಸ್ ದನಿಗೆ ಕೌದಿ ಲೆಕ್ಕಕ್ಕಿಲ್ಲ.