ಎಂಜಿನ್ ಕಾದಾಗ

ಚಿತ್ರದುರ್ಗದಿಂದ ಜೋಗಿಮಟ್ಟಿಗೆ ಏರುವಾಗ ಕಾರನ್ನು ಸಣ್ಣ ಗೇರಿನಲ್ಲೇ ಎಳೆಯಬೇಕು. ಎಂಜಿನ್ನಿಗೆ ದುಡಿಮೆ ಹೆಚ್ಚು, ರೇಡಿಯೇಟರಿಗೆ ಎದುರುಗಾಳಿ ಕಡಿಮೆ. ಏಪ್ರಿಲ್ ಬಿಸಿಲೂ ಸೇರಿದರೆ ಕಷ್ಟವೇ. ಆದರೂ ಸುಸ್ಥಿತಿಯ ಕಾರು ತಡೆದುಕೊಳ್ಳುತ್ತದೆ. ಮೀಟರಿನ ಮುಳ್ಳು ಕೆಂಪು ಗೆರೆ ಮುಟ್ಟಿತೆಂದರೆ ಬಿಸಿಲನ್ನು ದೂರಬೇಡಿ, ದೋಷ ಹುಡುಕಿ.

ತಂಪಿನ ಏರ್ಪಾಡು

ಇಂಧನದ ಶಕ್ತಿಯಲ್ಲಿ ಸುಮಾರು ಮೂರನೇ ಒಂದು ಪಾಲಷ್ಟೇ ಕೆಲಸಕ್ಕೆ ಒದಗುತ್ತದೆ. ಉಳಿದದ್ದು ಬಿಸಿಯಾಗಿ ಹೊರಹೋಗಬೇಕು. ವಾಟರ್ ಪಂಪು ಕೂಲೆಂಟನ್ನು ಎಂಜಿನ್ನಿನೊಳಗೆ ಹರಿಸುತ್ತದೆ. ಬಿಸಿ 80–90 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಬಂದಾಗ ಥರ್ಮೋಸ್ಟಾಟ್ ಬಾಯಿ ತೆರೆದು ಅದನ್ನು ರೇಡಿಯೇಟರಿಗೆ ಬಿಡುತ್ತದೆ. ಮುಚ್ಚಳ ಒತ್ತಡ ಹಿಡಿದಿಡುವುದರಿಂದ ಕೂಲೆಂಟ್ 100 ಡಿಗ್ರಿ ದಾಟಿದರೂ ಕುದಿಯುವುದಿಲ್ಲ. ಬಿಸಿಯಿದ್ದಾಗಲೇ ಮುಚ್ಚಳ ತಿರುಗಿಸಿದಿರೋ, ಒತ್ತಡ ಇಳಿದು ಒಂದೇ ಸಲ ಕುದಿದು ಮುಖಕ್ಕೆ ಚಿಮ್ಮುತ್ತದೆ. ಮೊದಲು ಗಾಡಿ ಪಕ್ಕಕ್ಕೆ ಹಾಕಿ ಆಫ್ ಮಾಡಿ, ಅರ್ಧ ಗಂಟೆಯಾದರೂ ಆರಲು ಬಿಡಿ. ಕಾದ ಎಂಜಿನ್ನಿನ ಮೇಲೆ ತಣ್ಣೀರು ಸುರಿದರೆ ಲೋಹ ಬಿರಿಯಬಹುದು.

ಯಾವಾಗ ಕಾಯುತ್ತದೆ?

ಸಂತೆಬೀದಿಯ ದಟ್ಟಣೆಯಲ್ಲಿ ಕಾದು, ಹೆದ್ದಾರಿಯಲ್ಲಿ ತಣ್ಣಗಾದರೆ ಫ್ಯಾನ್ ಮೇಲೆ ಅನುಮಾನವಿಡಿ: ಫ್ಯೂಸ್, ರಿಲೇ, ಮೋಟರ್ ನೋಡಿಸಿ. ಹೆದ್ದಾರಿಯ ವೇಗದಲ್ಲೇ ಕಾದರೆ ರೇಡಿಯೇಟರ್ ಕಟ್ಟಿರಬಹುದು, ಇಲ್ಲವೇ ಪಂಪು ಸೋತಿರಬಹುದು. ಮೇಲಿನ ಹೋಸ್ ಸುಡುವಂತಿದ್ದು ಕೆಳಗಿನದು ತಣ್ಣಗಿದ್ದರೆ ಥರ್ಮೋಸ್ಟಾಟ್ ಸಿಕ್ಕಿಕೊಂಡಿರಬಹುದು. ನೆಲದ ಮೇಲೆ ಹನಿಯೂ ಕಾಣದೆ ಕೂಲೆಂಟ್ ಇಳಿಯುತ್ತಿದೆಯೇ? ಆಯಿಲ್ ಗೇಜ್ ಕಡ್ಡಿ ಎಳೆದು ನೋಡಿ. ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಅಥವಾ ಹೊಗೆ ಬಿಳಿಯಾಗಿ ಬರುತ್ತಲೇ ಇದ್ದರೆ, ಹೆಡ್ ಗ್ಯಾಸ್ಕೆಟ್ ಹೋಗಿರುವ ಸಂಭವ ಹೆಚ್ಚು.

ಬೋರಿನ ನೀರು

ಈ ಸೀಮೆಯಲ್ಲಿ ಇನ್ನೊಂದು ನಿಧಾನದ ವೈರಿಯಿದೆ. ಚಿತ್ರದುರ್ಗ, ಹಿರಿಯೂರು ಕಡೆಯ ಅನೇಕ ಬೋರ್‌ವೆಲ್‌ಗಳ ನೀರು ಗಡಸು. ಅದನ್ನೇ ರೇಡಿಯೇಟರಿಗೆ ತುಂಬಿಸುತ್ತ ಹೋದರೆ ಸುಣ್ಣದಂಥ ಬಿಳಿ ಪೊರೆ ಸಣ್ಣ ಕೊಳವೆಗಳಲ್ಲಿ ಕಟ್ಟಿ, ಹರಿವು ಕುಗ್ಗುತ್ತದೆ. ಕೂಲೆಂಟಿನಲ್ಲಿರುವ ತುಕ್ಕು ತಡೆಯುವ ಗುಣವೂ ಉಳಿಯುವುದಿಲ್ಲ. ದಾರಿಯಲ್ಲಿ ಬೇರೆ ಗತಿಯಿಲ್ಲದಿದ್ದರೆ, ಎಂಜಿನ್ ಆರಿದ ಮೇಲೆ, ಈ ನೀರು ಹಾಕಿ ಗ್ಯಾರೇಜಿಗೆ ಮುಟ್ಟಿಸಿ. ಅಲ್ಲಿ ಎಲ್ಲವನ್ನೂ ಬಸಿದು, ತೊಳೆಸಿ, ಕೈಪಿಡಿ ಹೇಳಿದ ಕೂಲೆಂಟನ್ನು ಡಿಸ್ಟಿಲ್ಡ್ ನೀರಿನೊಂದಿಗೆ ಹದವಾಗಿ ಬೆರೆಸಿ ತುಂಬಿಸಿ; ಸಾಮಾನ್ಯವಾಗಿ ಅರ್ಧಕ್ಕರ್ಧ.

ಥರ್ಮೋಸ್ಟಾಟ್, ಮುಚ್ಚಳ, ಹೋಸ್‌ಗಳು ಅಗ್ಗದ ಬಿಡಿಭಾಗಗಳು. ಮುಳ್ಳು ಕೆಂಪಿಗೆ ಬಂದ ಮೇಲೂ ‘ಇನ್ನೇನು ಹಿರಿಯೂರು ಬಂತು’ ಎಂದು ಓಡಿಸಿದರೆ ಅಲ್ಯೂಮಿನಿಯಂ ಹೆಡ್ ಸೊಟ್ಟಗಾಗಿ ಖರ್ಚು ಹತ್ತಾರು ಪಟ್ಟು ಏರುತ್ತದೆ. ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಗಾಡಿ ಕೈಕೊಟ್ಟರೆ 1033ಕ್ಕೆ ಫೋನ್ ಮಾಡಿ, ಎಳೆಸಿಕೊಂಡು ಹೋಗಿ. ಕಾದ ಎಂಜಿನ್ನನ್ನು ಓಡಿಸಬೇಡಿ.