ಈಜುಕೊಳದ ಜಲಪರೀಕ್ಷೆ

ಕನ್ನಡದಲ್ಲಿ ‘ತಿಳಿ’ ಎಂಬ ಶಬ್ದಕ್ಕೆ ಎರಡು ಅರ್ಥಗಳುಂಟು. ಕದಡಿದ ನೀರು ನಿಂತು ನಿರ್ಮಲವಾಗುವುದೂ ತಿಳಿಯಾಗುವುದೇ; ಮನಸ್ಸು ವಿಷಯವನ್ನು ಗ್ರಹಿಸುವುದೂ ತಿಳಿಯುವುದೇ. ತಳ ಕಾಣುವ ನೀರು ಒಳ್ಳೆಯ ನೀರೆಂಬ ನಂಬಿಕೆ ಬಹು ಹಳೆಯದು. ವರಾಹಮಿಹಿರನು ಬೃಹತ್ಸಂಹಿತೆಯ ದಕಾರ್ಗಲಾಧ್ಯಾಯದಲ್ಲಿ ಕೆಟ್ಟ ಬಾವಿಯ ನೀರಿಗೆ ಹಾಕತಕ್ಕ ಚೂರ್ಣವನ್ನು ಹೇಳುವಾಗ ಲಾಮಂಚ, ನೆಲ್ಲಿಕಾಯಿ ಮೊದಲಾದುವುಗಳೊಡನೆ ಕತಕಫಲವನ್ನೂ ಸೇರಿಸಿದ್ದಾನೆ. ಕತಕವೆಂದರೆ ಚಿಲ್ಲದ ಬೀಜ. ಕದಡಿನ ಸೂಕ್ಷ್ಮಕಣಗಳನ್ನು ಒಂದುಗೂಡಿಸಿ ಕೆಳಗಿಳಿಸುವ ಗುಣ ಅದಕ್ಕುಂಟು. ಮನೆಯ ಹಿತ್ತಲಿನ ಈಜುಕೊಳದಲ್ಲಾದರೋ ಈ ಕೆಲಸವನ್ನು ಸೋಸುವ ಯಂತ್ರವೇ ಮಾಡಿಬಿಡುತ್ತದೆ. ಆ ಬಳಿಕ ಉಳಿಯುವುದು ಕಣ್ಣಿಗೆ ಕಾಣದ ದೋಷ. ಹೊಳೆಯ ನೀರು ಹರಿದುಹೋಗುವುದು. ಕೊಳದ ನೀರು ತಿಂಗಳುಗಟ್ಟಲೆ ಅಲ್ಲಿಯೇ ಸುತ್ತುತ್ತಿರುವುದು. ಮೀಯುವವರ ಬೆವರು, ಮೈಯೆಣ್ಣೆ, ಮಕ್ಕಳ ಮೂತ್ರ ಎಲ್ಲವೂ ಅದರಲ್ಲಿ ಕರಗುತ್ತಲೇ ಇರುತ್ತವೆ. ಸ್ಫಟಿಕದಂತೆ ಹೊಳೆಯುವ ನೀರಿನಲ್ಲಿಯೂ ರೋಗಬೀಜಗಳಿರಬಹುದು.

ಇವುಗಳನ್ನು ಕೊಲ್ಲುವುದಕ್ಕೆ ಬಳಕೆಯಲ್ಲಿರುವ ಮುಖ್ಯ ದ್ರವ್ಯ ಕ್ಲೋರಿನ್. 1774ರಲ್ಲಿ ಷೀಲೆಯು ಇದನ್ನು ಬೇರ್ಪಡಿಸಿದನು; 1810ರಲ್ಲಿ ಡೇವಿಯು ಇದು ಮೂಲವಸ್ತುವೆಂದು ಸಾಧಿಸಿ, ಬಣ್ಣವನ್ನು ನೋಡಿ, ಎಳೆಹಸುರು ಎಂಬರ್ಥದ ಗ್ರೀಕ್ ಪದದಿಂದ ಹೆಸರಿಟ್ಟನು. ಆದರೆ ನೀರಿನಲ್ಲಿ ಕೆಲಸ ಮಾಡುವುದು ಆ ಹಸುರು ವಾಯುವಲ್ಲ. ಅದು ನೀರಿನೊಡನೆ ಕೂಡಿ ಹೈಪೋಕ್ಲೋರಸ್ ಆಮ್ಲವಾಗುತ್ತದೆ. ಈ ಆಮ್ಲದ ಒಂದು ಪಾಲು ಒಡೆದು ಹೈಪೋಕ್ಲೋರೈಟ್ ಅಯಾನಾಗುತ್ತದೆ. ಮೊದಲನೆಯದು ಕ್ರಿಮಿಗಳಿಗೆ ಕಾಲಸ್ವರೂಪ. ಎರಡನೆಯದು ಬಹಳ ಮಂದ. ಎರಡರ ಪ್ರಮಾಣವನ್ನು ನಿರ್ಣಯಿಸುವುದು ನೀರಿನ ಆಮ್ಲಕ್ಷಾರಸ್ಥಿತಿ. ಇದನ್ನು 1909ರಲ್ಲಿ ಕೋಪನ್‌ಹೇಗನ್ನಿನ ಸೋರೆನ್‌ಸೆನ್ ಎಂಬಾತನು ಏರ್ಪಡಿಸಿದ ಪಿಎಚ್ ಎಂಬ ಮಾನದಿಂದ ಅಳೆಯುತ್ತಾರೆ. ಪಿಎಚ್ 7 ಇದ್ದಲ್ಲಿ ಸುಮಾರು ಮುಕ್ಕಾಲು ಪಾಲು ಆಮ್ಲರೂಪದಲ್ಲಿರುತ್ತದೆ, 7.5ರಲ್ಲಿ ಅರ್ಧ, 8ರಲ್ಲಿ ಕಾಲುಪಾಲಿಗೂ ತುಸು ಕಡಮೆ. ಎಂದಮೇಲೆ, ನೀರಿನಲ್ಲಿ ಕ್ಲೋರಿನ್ ಎಷ್ಟಿದೆಯೆಂದು ಮಾತ್ರ ಕೇಳುವವನು ಅರ್ಧ ಪ್ರಶ್ನೆಯನ್ನು ಕೇಳಿದಂತಾಯಿತು. ಅಮೆರಿಕದ ರೋಗನಿಯಂತ್ರಣ ಕೇಂದ್ರಗಳು ಪಿಎಚ್ 7.0ರಿಂದ 7.8ರೊಳಗೂ, ಮುಕ್ತ ಕ್ಲೋರಿನ್ ಹತ್ತು ಲಕ್ಷ ಭಾಗ ನೀರಿಗೆ ಕನಿಷ್ಠ 1 ಭಾಗವೂ, ಎಂದರೆ ಲೀಟರಿಗೆ 1 ಮಿಲಿಗ್ರಾಂ, ಇರಬೇಕೆಂದು ವಿಧಿಸಿವೆ.

ಪರೀಕ್ಷೆಗೆ ನೀರನ್ನು ಮೇಲ್ಮೈಯಿಂದಲಾಗಲಿ, ಶುದ್ಧಜಲ ಮರಳಿ ಬೀಳುವ ಬಾಯಿಯ ಬಳಿಯಿಂದಲಾಗಲಿ ತೆಗೆಯಬಾರದು; ಮೊಳಕೈ ಮುಳುಗುವಷ್ಟು ಆಳದಿಂದ ತೆಗೆಯತಕ್ಕದ್ದು. ಡಿಪಿಡಿ ಎಂಬ ದ್ರವ್ಯವನ್ನು ಹಾಕಿದರೆ ಮುಕ್ತ ಕ್ಲೋರಿನ್ನಿಗೆ ತಕ್ಕಂತೆ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಇಲ್ಲಿ ಒಂದು ಮೋಸವುಂಟು. ಕ್ಲೋರಿನ್ ವಿಪರೀತವಾಗಿದ್ದರೆ ಅದು ಹುಟ್ಟಿದ ಬಣ್ಣವನ್ನೇ ಸುಟ್ಟುಬಿಡುತ್ತದೆ. ನೀರು ಬಣ್ಣವಿಲ್ಲದೆ ನಿಲ್ಲುತ್ತದೆ. ನೋಡಿದವನು ಕ್ಲೋರಿನ್ ಇಲ್ಲವೆಂದು ಬಗೆದು ಇನ್ನಷ್ಟು ಸುರಿಯುತ್ತಾನೆ. ಸಂದೇಹ ಬಂದಾಗ ಕೊಳದ ನೀರನ್ನು ಕ್ಲೋರಿನ್ನಿಲ್ಲದ ನೀರಿನಲ್ಲಿ ನಾಲ್ಕೈದು ಪಾಲು ತೆಳುಮಾಡಿ ಮರಳಿ ಪರೀಕ್ಷಿಸಬೇಕು.

ಇದಕ್ಕಿಂತಲೂ ಹರಡಿರುವ ಭ್ರಮೆ ವಾಸನೆಯದು. ಕೊಳದ ಬಳಿ ಮೂಗಿಗೆ ಘಾಟು ಬಡಿದು ಕಣ್ಣು ಉರಿದರೆ ಕ್ಲೋರಿನ್ ಹೆಚ್ಚಾಯಿತೆಂದು ಹೇಳುವುದು ರೂಢಿ. ನಿಜವು ಸಾಮಾನ್ಯವಾಗಿ ಇದಕ್ಕೆ ವಿರುದ್ಧ. ಬೆವರು ಮೂತ್ರಗಳ ಸಾರಜನಕದೊಡನೆ ಬೆರೆತು ಶಕ್ತಿಗುಂದಿದ ಕ್ಲೋರಿನ್, ಎಂದರೆ ಕ್ಲೋರಮೀನ್, ಬೀರುವ ಘಾಟು ಅದು. ಒಟ್ಟು ಕ್ಲೋರಿನ್ನಿನಿಂದ ಮುಕ್ತ ಕ್ಲೋರಿನ್ನನ್ನು ಕಳೆದರೆ ಈ ಬದ್ಧ ಕ್ಲೋರಿನ್ ಎಷ್ಟೆಂಬುದು ದೊರೆಯುತ್ತದೆ. ಅದನ್ನು ಒಡೆಯಲು ಅದರ ಸುಮಾರು ಹತ್ತರಷ್ಟು ಮುಕ್ತ ಕ್ಲೋರಿನ್ನನ್ನು ಒಮ್ಮೆಗೇ ಕೊಡುವುದು ವಾಡಿಕೆ. ಮಟ್ಟವು ಇಳಿಯುವವರೆಗೆ ಯಾರೂ ನೀರಿಗಿಳಿಯಕೂಡದು.

ತಿದ್ದುವುದರಲ್ಲಿ ಕ್ರಮವುಂಟು. ಮೊದಲು ಕ್ಷಾರೀಯತೆ, ಅನಂತರ ಪಿಎಚ್, ಕಡೆಗೆ ಕ್ಲೋರಿನ್. ಕ್ಷಾರೀಯತೆಯೆಂದರೆ ಆಮ್ಲ ಬಿದ್ದರೂ ಅಲುಗದಿರುವ ನೀರಿನ ತಾಳಿಕೆ. ಅದು 80ರಿಂದ 120 ಭಾಗದಷ್ಟಿಲ್ಲದಿದ್ದರೆ ಇಂದು ಸರಿಪಡಿಸಿದ ಪಿಎಚ್ ನಾಳೆ ನಿಲ್ಲದು. 8 ಮೀಟರ್ ಉದ್ದ, 4 ಮೀಟರ್ ಅಗಲ, ಸರಾಸರಿ ಒಂದೂವರೆ ಮೀಟರ್ ಆಳದ ಕೊಳದಲ್ಲಿ 48,000 ಲೀಟರ್ ನೀರು ಹಿಡಿಯುತ್ತದೆ. ಅದರ ಕ್ಷಾರೀಯತೆಯನ್ನು 60ರಿಂದ 80ಕ್ಕೆ ಏರಿಸಲು ಸುಮಾರು 1.6 ಕಿಲೋಗ್ರಾಂ ಅಡಿಗೆ ಸೋಡಾ ಬೇಕು. ಮುಕ್ತ ಕ್ಲೋರಿನ್ನನ್ನು 2 ಭಾಗ ಹೆಚ್ಚಿಸಲು ಶೇಕಡ 65ರ ಕ್ಯಾಲ್ಸಿಯಂ ಹೈಪೋಕ್ಲೋರೈಟ್ 150 ಗ್ರಾಂ ಸಾಕು. ಪಿಎಚ್ ಏರಿದ್ದರೆ ತೆಳುವಾದ ಹೈಡ್ರೋಕ್ಲೋರಿಕ್ ಆಮ್ಲವನ್ನು ಸ್ವಲ್ಪಸ್ವಲ್ಪವಾಗಿ ಬಿಟ್ಟು, ನೀರು ಕೆಲವು ಗಂಟೆ ಸುತ್ತಿದ ಮೇಲೆ ಮತ್ತೆ ಅಳೆಯಬೇಕು. ಆಮ್ಲವನ್ನು ನೀರಿಗೆ ಹಾಕಬೇಕಲ್ಲದೆ ನೀರನ್ನು ಆಮ್ಲಕ್ಕೆ ಹಾಕಬಾರದು. ಆಮ್ಲವೂ ಹೈಪೋಕ್ಲೋರೈಟೂ ಒಂದೇ ಪಾತ್ರೆಯಲ್ಲಿ ಸೇರಿದರೆ 1915ರಲ್ಲಿ ಈಪ್ರ್ ರಣಾಂಗಣದಲ್ಲಿ ಸೈನಿಕರನ್ನು ಕೊಂದ ವಾಯುವೇ ಹೊರಡುತ್ತದೆ. ಮನೆಯ ಉಗ್ರಾಣದಲ್ಲಿ ಇವೆರಡನ್ನೂ ಒತ್ತೊತ್ತಾಗಿ ಇಡುವುದು ಅವಿವೇಕ.

ಇನ್ನು ಬಿಸಿಲಿನ ಮಾತು. ತೆರೆದ ಕೊಳದಲ್ಲಿ ನಡುಹಗಲಿನ ಬಿಸಿಲು ಮುಕ್ತ ಕ್ಲೋರಿನ್ನಿನ ಅರ್ಧವನ್ನು ಒಂದು ಗಂಟೆಯೊಳಗೆ ಹಾಳುಮಾಡಬಲ್ಲುದು. ಇದನ್ನು ತಡೆಯಲು ಸಯನ್ಯೂರಿಕ್ ಆಮ್ಲವನ್ನು ಸೇರಿಸುತ್ತಾರೆ. ಅದು ಕ್ಲೋರಿನ್ನನ್ನು ಕಾಯುತ್ತದೆ. ಆದರೆ ಕಟ್ಟಿಯೂ ಹಾಕುತ್ತದೆ. ಆದಕಾರಣ ಇದಿರುವಲ್ಲಿ ಕ್ಲೋರಿನ್ನಿನ ಕನಿಷ್ಠಮಿತಿ 2 ಭಾಗ. ಇದನ್ನು ಅಳೆಯುವ ಬಗೆ ವಿನೋದಕರವಾಗಿದೆ: ಮೆಲಮೈನ್ ದ್ರಾವಣವನ್ನು ಬೆರಸಿದಾಗ ನೀರು ಬೆಳ್ಳಗೆ ಕದಡುವುದು, ನಳಿಗೆಯ ತಳದ ಕಪ್ಪುಚುಕ್ಕೆ ಎಷ್ಟು ನೀರಿಗೆ ಮರೆಯಾಯಿತೆಂಬುದರಿಂದ ಪ್ರಮಾಣವನ್ನು ಓದುತ್ತಾರೆ. ಇಲ್ಲಿ ಕದಡೇ ತಿಳಿವಿಗೆ ಸಾಧನ.

ತೊಡಕು ಬರುವುದು ಟ್ರೈಕ್ಲೋರ್ ಬಿಲ್ಲೆಗಳಿಂದ. ಅವು 10 ಭಾಗ ಕ್ಲೋರಿನ್ ಕೊಡುವಾಗ ಸುಮಾರು 6 ಭಾಗ ಸಯನ್ಯೂರಿಕ್ ಆಮ್ಲವನ್ನೂ ಬಿಡುತ್ತವೆ. ದಿನಕ್ಕೆ 2 ಭಾಗದಂತೆ ಕ್ಲೋರಿನ್ ಕೊಟ್ಟರೆ 50 ದಿನಗಳಲ್ಲಿ ಆ ಆಮ್ಲ 60 ಭಾಗ ಕೂಡಿಬೀಳುತ್ತದೆ. ಕ್ಲೋರಿನ್ ವ್ಯಯವಾಗುತ್ತದೆ, ಆಮ್ಲ ಉಳಿಯುತ್ತದೆ. ಅದನ್ನು ತೆಗೆಯಲು ಮನೆಯಲ್ಲಿ ನೀರನ್ನು ಬದಲಿಸುವುದಲ್ಲದೆ ಸುಲಭವಾದ ಬೇರೆ ಉಪಾಯವಿಲ್ಲ. 100 ಭಾಗದಿಂದ 40ಕ್ಕೆ ಇಳಿಸಬೇಕಾದರೆ ಮೇಲೆ ಹೇಳಿದ ಕೊಳದಿಂದ 28,800 ಲೀಟರ್ ಹೊರಹಾಕಿ ಅಷ್ಟೇ ಹೊಸನೀರನ್ನು ತುಂಬಬೇಕು. 2024ರ ಮಾರ್ಚ್ ತಿಂಗಳಲ್ಲಿ ಬೆಂಗಳೂರಿನ ಜಲಮಂಡಳಿಯು ಕುಡಿಯುವ ನೀರನ್ನು ಈಜುಕೊಳಕ್ಕೆ ಬಳಸುವುದನ್ನು ನಿಷೇಧಿಸಿ 5,000 ರೂಪಾಯಿ ದಂಡವನ್ನು ವಿಧಿಸಿದುದನ್ನು ನೆನೆದರೆ, ಈ ಲೆಕ್ಕವು ಬರಿಯ ರಸಾಯನದ ಲೆಕ್ಕವಲ್ಲವೆಂಬುದು ವಿದಿತವಾಗುವುದು. ಸಯನ್ಯೂರಿಕ್ ಆಮ್ಲ 30ರಿಂದ 50 ಭಾಗ ಮುಟ್ಟಿದೊಡನೆ ಬಿಲ್ಲೆಗಳನ್ನು ನಿಲ್ಲಿಸಿ ದ್ರವರೂಪದ ಸೋಡಿಯಂ ಹೈಪೋಕ್ಲೋರೈಟಿಗೆ ಬರುವುದು ಮೇಲು. ಕ್ಯಾಲ್ಸಿಯಂ ಲವಣವಾದರೋ ಗಡಸು ಕೊಳವೆಬಾವಿಯ ನೀರಿನಲ್ಲಿ ಸುಣ್ಣದ ಹೆಪ್ಪನ್ನು ಹೆಚ್ಚಿಸುತ್ತದೆ. ದ್ರವವು ಬೇಸಗೆಯ ಸೆಕೆಗೆ ಬೇಗ ಸತ್ತ್ವಗುಂದುವುದರಿಂದ, ಕೆಲವು ವಾರಗಳಿಗೆ ಬೇಕಾದಷ್ಟನ್ನೇ ತಂದು ನೆರಳಿನಲ್ಲಿ, ಆಮ್ಲದ ಜಾಡಿಯಿಂದ ದೂರವಾಗಿ, ಇಡತಕ್ಕದ್ದು.