ನಿಮಗಿದು ಗೊತ್ತೆ? ಪ್ಯಾಕೇಜ್ ಆದ ಮೇಲೂ ಪರೀಕ್ಷೆ ತಪ್ಪದು!

1993ರಲ್ಲಿ ಇಯಾನ್ ಮರ್ಡಾಕ್ ಆರಂಭಿಸಿದ ಡೆಬಿಯನ್, ಸ್ವಯಂಸೇವಕರೇ ಕಟ್ಟಿ ಬೆಳೆಸುತ್ತಿರುವ ಮುಕ್ತ ಆಪರೇಟಿಂಗ್ ಸಿಸ್ಟಮ್. ಜಾವಾಸ್ಕ್ರಿಪ್ಟ್ ಕೋಡ್ ಓಡಿಸುವ ನೋಡ್ ಜೆಎಸ್‌ಗೆ ಬೇಕಾದ ಮಾಡ್ಯೂಲ್‌ಗಳೂ ಅದರ ಭಂಡಾರದಲ್ಲಿ ಪ್ಯಾಕೇಜ್ ರೂಪದಲ್ಲಿ ಸಿಗುತ್ತವೆ. ಕೆಲವು ತೀರಾ ಪುಟ್ಟವು. ಹಾಗೆಂದು ಕಡೆಗಣಿಸುವಂತಿಲ್ಲ: 2016ರ ಮಾರ್ಚ್‌ನಲ್ಲಿ ‘ಲೆಫ್ಟ್ ಪ್ಯಾಡ್’ ಎಂಬ 11 ಸಾಲಿನ ಮಾಡ್ಯೂಲನ್ನು ಬರೆದವರೇ ಜಾವಾಸ್ಕ್ರಿಪ್ಟ್ ಮಾಡ್ಯೂಲ್‌ಗಳ ‘ಎನ್‌ಪಿಎಂ’ ಭಂಡಾರದಿಂದ ತೆಗೆದುಹಾಕಿದಾಗ, ಲೆಕ್ಕವಿಲ್ಲದಷ್ಟು ತಂತ್ರಾಂಶಗಳ ಬಿಲ್ಡ್ ಕೆಟ್ಟು ನಿಂತಿತ್ತು.

ಇಂಥ ಪ್ಯಾಕೇಜ್‌ಗಳನ್ನು ಪರೀಕ್ಷಿಸಲು ಡೆಬಿಯನ್‌ನಲ್ಲಿ ‘ಆಟೊಪಿಕೆಜಿಟೆಸ್ಟ್’ ಎಂಬ ಸಾಧನವಿದೆ. ಪ್ಯಾಕೇಜನ್ನು ಅದು ಹೊಸದಾಗಿ ಸಿದ್ಧಪಡಿಸಿದ ಪರಿಸರದಲ್ಲಿ ಇನ್‌ಸ್ಟಾಲ್ ಮಾಡಿ, ಬಳಕೆದಾರರ ಕೈಸೇರುವ ರೂಪದಲ್ಲೇ ಪರೀಕ್ಷಿಸುತ್ತದೆ. ಜಾವಾಸ್ಕ್ರಿಪ್ಟ್ ಪ್ಯಾಕೇಜ್‌ಗೆ ಮೊದಲ ಪ್ರಶ್ನೆ ಸರಳ: ಮಾಡ್ಯೂಲನ್ನು ಲೋಡ್ ಮಾಡುವ ‘ರಿಕ್ವೈರ್’ ಆದೇಶದಿಂದ ಕರೆದರೆ ಮಾಡ್ಯೂಲ್ ಓಗೊಡುತ್ತದೆಯೇ? ಪ್ಯಾಕೇಜ್ ಮಾಡುವಾಗ ಅಗತ್ಯವಾದ ಒಂದು ಫೈಲ್ ಬಿಟ್ಟುಹೋಗಿದ್ದರೂ ಇಲ್ಲಿ ಸಿಕ್ಕಿಬೀಳುತ್ತದೆ. ಮೂಲ ಕೋಡ್‌ನ ಫೋಲ್ಡರ್‌ನಲ್ಲೇ ಪರೀಕ್ಷಿಸಿದರೆ ಈ ದೋಷ ಗೊತ್ತಾಗುವುದೇ ಇಲ್ಲ. ಅಲ್ಲಿ ಆ ಫೈಲ್ ಇದ್ದೇ ಇರುತ್ತದಲ್ಲ! ಆಮೇಲೆ ಮಾಡ್ಯೂಲ್ ಬರೆದವರು ಕೊಟ್ಟ ಪರೀಕ್ಷೆಗಳ ಸರದಿ.

ಒಂದು ಮಾಡ್ಯೂಲ್‌ನ ಹೊಸ ಆವೃತ್ತಿ ಬಂದರೆ, ಅದನ್ನೇ ನೆಚ್ಚಿಕೊಂಡ ಇತರ ಪ್ಯಾಕೇಜ್‌ಗಳ ಪರೀಕ್ಷೆಯೂ ಮತ್ತೆ ನಡೆಯುತ್ತದೆ. ಇಡೀ ವ್ಯವಸ್ಥೆಯ ಜೀವಾಳವೇ ಇದು. ಹಿಂದೆ ಪಾಸಾಗಿದ್ದ ಪರೀಕ್ಷೆ ಈಗ ಫೇಲಾದರೆ, ಹೊಸ ಆವೃತ್ತಿ ತಾನು ಮೊದಲು ಸೇರುವ ‘ಅನ್‌ಸ್ಟೇಬಲ್’ ಹಂತದಿಂದ ಮುಂದಿನ ‘ಟೆಸ್ಟಿಂಗ್’ ಹಂತಕ್ಕೆ ದಾಟದಂತೆ ತಡೆ ಬೀಳುತ್ತದೆ. ಎಲ್ಲವೂ ಪಾಸಾದರೆ ಹಾಗೆ ದಾಟಲು ಕಾಯಬೇಕಾದ ದಿನಗಳೂ ಕಡಿಮೆಯಾಗುತ್ತವೆ.